ಉದ್ಯೋಗ ಯಾರ ಲಕ್ಷಣ?

'ಉದ್ಯೋಗಂ ಪುರುಷಲಕ್ಷಣಂ' ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಓದು ಮುಗಿಸಿ ಮನೆಯಲ್ಲಿ ಸುಮ್ಮನೆ ಕುಳಿತ ಮಗನನ್ನು ಎಚ್ಚರಿಸಲು ತಂದೆ ಆಡುವ ಮಾತು ಅದು. ಮಗಳನ್ನು ಕೊಡುವ ಮೊದಲು ವರನ ಸಂಬಳವನ್ನು ವಿಚಾರಿಸುವ ಹಿರಿಯರ ಮನಸ್ಸಿನಲ್ಲಿರುವ ಮಾತೂ ಅದೇ. ಕಾಲ ಚೆನ್ನಾಗಿರುವಾಗ ಈ ಮಾತಿನಿಂದ ಯಾರಿಗೂ ದೊಡ್ಡ ಕೇಡಾಗಲಿಕ್ಕಿಲ್ಲ. ಆದರೆ ಪ್ರಿಯ ಓದುಗರೇ, ಉದ್ಯೋಗವೇ ಇಲ್ಲವಾಗುವ ಕಾಲವೊಂದು ಬಂದರೆ? ಕಾರ್ಖಾನೆಗಳು ಬಾಗಿಲು ಮುಚ್ಚಿ, ಬ್ಯಾಂಕುಗಳು ದಿವಾಳಿಯೆದ್ದು, ದುಡಿಯಲು ಸಿದ್ಧವಿರುವ ಕೈಗಳಿಗೆ ದುಡಿಮೆಯೇ ಸಿಗದಿದ್ದರೆ? ಆಗ ಉದ್ಯೋಗ ಕಳೆದುಕೊಂಡ ಪುರುಷನು ಏನಾಗುತ್ತಾನೆ? ಉದ್ಯೋಗದಲ್ಲಿ ಉಳಿದ ಸ್ತ್ರೀಯನ್ನು ಸಮಾಜವು ಯಾವ ಕಣ್ಣಿನಿಂದ ನೋಡುತ್ತದೆ?

ಇವು ಕೇವಲ ಕಲ್ಪನೆಯ ಪ್ರಶ್ನೆಗಳಲ್ಲ. ಕಳೆದ ನೂರು ವರ್ಷಗಳ ಚರಿತ್ರೆ ಇವಕ್ಕೆ ಮತ್ತೆ ಮತ್ತೆ ಉತ್ತರ ಕೊಟ್ಟಿದೆ. ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ನಾವು ಒಟ್ಟಾಗಿ ತಿರುವಿ ನೋಡೋಣ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಜಗತ್ತನ್ನು ಆವರಿಸಿದ ಮಹಾ ಆರ್ಥಿಕ ಮುಗ್ಗಟ್ಟಿನಿಂದ ಆರಂಭಿಸುವುದು ಸೂಕ್ತ. ಏಕೆಂದರೆ ಸ್ತ್ರೀಪುರುಷರ ದುಡಿಮೆಯ ಪ್ರಶ್ನೆಯು ಅಷ್ಟೊಂದು ಬಿಚ್ಚುಮನಸ್ಸಿನಿಂದ, ಅಷ್ಟೊಂದು ನಿಷ್ಠುರವಾಗಿ ಚರ್ಚೆಗೆ ಬಂದ ಕಾಲ ಇನ್ನೊಂದಿಲ್ಲ.

ಮರಿಯೆನ್‌ತಾಲ್ ಎಂಬ ಊರು

ಆಸ್ಟ್ರಿಯ ದೇಶದ ರಾಜಧಾನಿ ವಿಯೆನ್ನಾ ನಗರಕ್ಕೆ ಸಮೀಪದಲ್ಲಿ ಮರಿಯೆನ್‌ತಾಲ್ ಎಂಬ ಸಣ್ಣ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಾಪನೆಯಾದ ಒಂದು ಬಟ್ಟೆ ಗಿರಣಿಯೇ ಆ ಊರಿನ ಜೀವಾಳವಾಗಿತ್ತು. ಗಂಡಸರೂ ಹೆಂಗಸರೂ ಅಲ್ಲಿಯೇ ದುಡಿಯುತ್ತಿದ್ದರು. 1929-30ರಲ್ಲಿ ಗಿರಣಿ ಹಂತಹಂತವಾಗಿ ಮುಚ್ಚಿತು. ಊರಿನ 478 ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲು ಕುಟುಂಬಗಳು ಸರಕಾರದ ನಿರುದ್ಯೋಗ ಪರಿಹಾರವನ್ನೇ ನಂಬಿ ಬದುಕಬೇಕಾಯಿತು. ಮಾರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸಲ್ ಎಂಬ ತರುಣ ಸಂಶೋಧಕರು ತಮ್ಮ ಸಂಗಡಿಗರೊಂದಿಗೆ ಅಲ್ಲಿಗೆ ಹೋಗಿ, ಜನರ ಬದುಕನ್ನು ಹತ್ತಿರದಿಂದ ಕಂಡು, 1933ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ನಿರುದ್ಯೋಗದ ಕುರಿತ ಅಧ್ಯಯನಗಳಲ್ಲಿ ಅದು ಇಂದಿಗೂ ಮೇಲ್ಪಂಕ್ತಿಯಾಗಿ ಉಳಿದಿದೆ.

ಆ ಸಂಶೋಧಕರು ಮಾಡಿದ ಒಂದು ಕೆಲಸ ವಿಶಿಷ್ಟವಾದುದು. ಗಡಿಯಾರ ಹಿಡಿದು, ಯಾರ ಕಣ್ಣಿಗೂ ಬೀಳದಂತೆ ನಿಂತು, ಊರಿನ ಮುಖ್ಯ ಬೀದಿಯಲ್ಲಿ ಜನರು ನಡೆಯುವ ವೇಗವನ್ನು ಅವರು ಅಳೆದರು. ಹೆಂಗಸರು ಚುರುಕಾಗಿ ನಡೆದು ಹೋಗುತ್ತಿದ್ದರು. ಗಂಡಸರಾದರೋ ನಿಧಾನವಾಗಿ ಹೆಜ್ಜೆಯಿಡುತ್ತ, ನಡುನಡುವೆ ನಿಲ್ಲುತ್ತ, ಗೋಡೆಗೋ ಸೇತುವೆಗೋ ಒರಗುತ್ತ ಸಾಗುತ್ತಿದ್ದರು. ಸುಮಾರು ಮೂರರಲ್ಲಿ ಎರಡು ಪಾಲು ಗಂಡಸರು ಆ ಒಂದೇ ಬೀದಿಯನ್ನು ದಾಟುವಾಗ ಕಡಿಮೆಯೆಂದರೆ ಎರಡು ಬಾರಿ ನಿಂತರು. ಹೆಚ್ಚಿನವರು ಗಡಿಯಾರವನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಯಾವ ಹೊತ್ತಿಗೂ ಯಾವ ಕೆಲಸವೂ ಇಲ್ಲದವನಿಗೆ ಗಡಿಯಾರವೇಕೆ? ಊರಿನ ಗ್ರಂಥಾಲಯದಲ್ಲಿ ಪುಸ್ತಕ ಪಡೆಯಲು ಕೊಡಬೇಕಾಗಿದ್ದ ಶುಲ್ಕವನ್ನು ತೆಗೆದುಹಾಕಿದ್ದರೂ ಓದಲು ಪುಸ್ತಕ ಒಯ್ಯುವುದು ಅರ್ಧದಷ್ಟು ಇಳಿಯಿತು. ಬಿಡುವು ಹೆಚ್ಚಿದಂತೆ ಓದೂ ಹೆಚ್ಚಬೇಕಿತ್ತಲ್ಲವೇ? ಹಾಗಾಗಲಿಲ್ಲ. ಒಂದು ಕೆಲಸದಿಂದ ಇನ್ನೊಂದು ಕೆಲಸದ ನಡುವೆ ಸಿಗುವುದಕ್ಕೆ ಮಾತ್ರ ಬಿಡುವು ಎಂದು ಹೆಸರು. ಕೆಲಸವೇ ಇಲ್ಲದ ದಿನದಲ್ಲಿ ಬಿಡುವೆಂಬುದೂ ಇಲ್ಲ.

ಹೆಂಗಸರೇಕೆ ಬೇಗ ನಡೆಯುತ್ತಿದ್ದರು? ಅವರಿಗೂ ಗಿರಣಿಯ ಕೆಲಸ ಹೋಗಿತ್ತು. ಆದರೆ ಅಡುಗೆ, ಒಗೆತ, ಮಕ್ಕಳ ಪಾಲನೆ ಎಲ್ಲಿಗೂ ಹೋಗಿರಲಿಲ್ಲ. ಬದಲಾಗಿ ಅವು ಹೆಚ್ಚಿದ್ದವು. ಸಂಬಳ ಬರುವಾಗ ಪೇಟೆಯಿಂದ ಕೊಂಡು ತರುತ್ತಿದ್ದುದನ್ನು ಈಗ ಮನೆಯಲ್ಲಿಯೇ ಮಾಡಿಕೊಳ್ಳಬೇಕಿತ್ತು. ಹರಿದ ಬಟ್ಟೆಗೆ ತೇಪೆಯ ಮೇಲೆ ತೇಪೆ ಹಾಕಬೇಕಿತ್ತು. 'ಬರಗಾಲದಲ್ಲಿ ಅಧಿಕ ಮಾಸ' ಎಂದು ನಮ್ಮ ಹಿರಿಯರು ಹೇಳುವುದು ಇಂಥದ್ದಕ್ಕೇ. ಹೀಗಿದ್ದರೂ ಮತ್ತೆ ಗಿರಣಿಯ ಕೆಲಸಕ್ಕೆ ಹೋಗುವಿರಾ ಎಂದು ಕೇಳಿದಾಗ ಅನೇಕ ಹೆಂಗಸರು ಹೌದೆಂದರು, ಬರಿಯ ಹಣಕ್ಕಾಗಿ ಅಲ್ಲ. ಗಿರಣಿಯಲ್ಲಿ ಅವರಿಗೆ ಗೆಳತಿಯರಿದ್ದರು, ಮನೆಯ ನಾಲ್ಕು ಗೋಡೆಗಳಾಚೆ ತಮ್ಮದೆನ್ನುವ ಒಂದು ಸ್ಥಾನವಿತ್ತು.

ಒಂದೇ ಗಿರಣಿ ಮುಚ್ಚಿದುದರಿಂದ ಗಂಡಿಗೂ ಹೆಣ್ಣಿಗೂ ಆದ ನಷ್ಟ ಒಂದೇ ಬಗೆಯದಾಗಿರಲಿಲ್ಲ ಎಂಬುದನ್ನು ಗಮನಿಸಿರಿ. ಗಂಡಸು ತನ್ನ ಹೊತ್ತನ್ನು ಕಳೆದುಕೊಂಡ, ತನ್ನ ಗುರುತನ್ನು ಕಳೆದುಕೊಂಡ. ಹೆಂಗಸಿನ ಸಂಬಳ ಹೋಯಿತು, ದುಡಿಮೆ ಉಳಿಯಿತು. ಅಮೆರಿಕದಲ್ಲಿ ಮಿರಾ ಕೊಮರೋವ್‌ಸ್ಕಿ ಎಂಬ ಸಮಾಜಶಾಸ್ತ್ರಜ್ಞೆ ಕೆಲಸ ಕಳೆದುಕೊಂಡ ಗಂಡಸರ 59 ಕುಟುಂಬಗಳನ್ನು ಸಂದರ್ಶಿಸಿ 1940ರಲ್ಲಿ ಹೊರತಂದ ಗ್ರಂಥವೂ ಇದನ್ನೇ ಹೇಳುತ್ತದೆ. ಅನ್ನ ತರುವವನು ಎಂಬ ಒಂದೇ ಆಧಾರದ ಮೇಲೆ ತನ್ನ ಘನತೆಯನ್ನು ಕಟ್ಟಿಕೊಂಡಿದ್ದ ಗಂಡಸು ಆ ಆಧಾರ ಕುಸಿದಾಗ ತಾನೂ ಕುಸಿದ. ಹೆಂಡತಿಯ ಪ್ರೀತಿ ವಿಶ್ವಾಸಗಳು ಮೊದಲೇ ಗಟ್ಟಿಯಾಗಿದ್ದ ಮನೆಗಳಲ್ಲಿ ಅವನು ಒಂದಿಷ್ಟು ತಡೆದುಕೊಂಡ.

ಅಂಕಿಗಳು ಹೇಳಿದ್ದೇನು?

ಈಗ ಅಮೆರಿಕದ ಕಡೆಗೆ ಕಣ್ಣು ಹಾಯಿಸೋಣ. 1933ರ ಹೊತ್ತಿಗೆ ಅಲ್ಲಿ ದುಡಿಯುವ ವರ್ಗದ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಒಂದೂಕಾಲು ಕೋಟಿಗೂ ಹೆಚ್ಚು ಜನ ನಿರುದ್ಯೋಗಿಗಳಾಗಿದ್ದರು. ಅಂಥ ಕಾಲದಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಂಡವರು ಹೆಂಗಸರೇ ಇರಬೇಕೆಂದು ನಮಗೆ ತೋಚುವುದು ಸಹಜ. ಆದರೆ 1930ರ ಏಪ್ರಿಲ್‌ನಲ್ಲಿ ನಡೆದ ಜನಗಣತಿಯ ಪ್ರಕಾರ ಗಂಡಸರಲ್ಲಿ ನಿರುದ್ಯೋಗವು ಶೇಕಡ 7.1 ಇದ್ದರೆ ಹೆಂಗಸರಲ್ಲಿ ಶೇಕಡ 4.7 ಮಾತ್ರ ಇತ್ತು.

ಇದು ಹೇಗಾಯಿತು? ಹೆಂಗಸರ ಮೇಲಿನ ಕರುಣೆಯಿಂದ ಖಂಡಿತ ಅಲ್ಲ. ಮುಗ್ಗಟ್ಟಿನ ಮೊದಲ ಪೆಟ್ಟು ಬಿದ್ದದ್ದು ಉಕ್ಕು, ಮೋಟಾರು, ಗಣಿ, ಕಟ್ಟಡ ನಿರ್ಮಾಣ ಇತ್ಯಾದಿ ಭಾರೀ ಉದ್ದಿಮೆಗಳ ಮೇಲೆ. ಅಲ್ಲಿ ದುಡಿಯುತ್ತಿದ್ದವರು ಗಂಡಸರು. ಹೆಂಗಸರಿಗೆ ಆ ಬಾಗಿಲುಗಳು ಎಂದೂ ತೆರೆದಿರಲಿಲ್ಲ. ಹೆಂಗಸರು ಇದ್ದುದು ಕಚೇರಿಯ ಬೆರಳಚ್ಚು ಯಂತ್ರಗಳ ಮುಂದೆ, ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ, ಶಾಲೆ ಆಸ್ಪತ್ರೆಗಳಲ್ಲಿ, ಅನ್ಯರ ಅಡುಗೆಮನೆಗಳಲ್ಲಿ. ಈ ಕೆಲಸಗಳು ತಡವಾಗಿ ಕುಸಿದವು, ಬೇಗ ಚೇತರಿಸಿಕೊಂಡವು. ಕಡಿಮೆ ಸಂಬಳದ 'ಹೆಣ್ಣು ಕೆಲಸ'ಗಳೆಂದು ಯಾವ ಕೆಲಸಗಳಿಗೆ ಹೆಂಗಸರನ್ನು ಸೀಮಿತಗೊಳಿಸಿದ್ದರೋ ಅವೇ ಅವರಿಗೆ ಒಂದಿಷ್ಟು ನೆರಳಾದವು. ಗಂಡ ಕೆಲಸ ಕಳೆದುಕೊಂಡ ಮನೆಗಳಿಂದ ಹೆಂಡತಿಯರು ಹೊರಬಂದು ಸಿಕ್ಕಿದ ಕೆಲಸಕ್ಕೆ ಸೇರಿದರು. ಹೀಗಾಗಿ ಹೊರಗೆ ದುಡಿಯುವ ವಿವಾಹಿತೆಯರ ಪ್ರಮಾಣವು ಮುಗ್ಗಟ್ಟಿನ ಆ ದಶಕದಲ್ಲಿ ಶೇಕಡ 12ರ ಆಸುಪಾಸಿನಿಂದ ಶೇಕಡ 15ರ ಆಸುಪಾಸಿಗೆ ಏರಿತೇ ಹೊರತು ಇಳಿಯಲಿಲ್ಲ.

ಹಾಗಾದರೆ ಹೆಂಗಸರು ಗೆದ್ದರೇ? ಆತುರದ ತೀರ್ಮಾನ ಬೇಡ. ಕೆಲಸದಲ್ಲಿ ಉಳಿದ ಹೆಂಗಸನ್ನು ಸಮಾಜವು ಹೇಗೆ ನಡೆಸಿಕೊಂಡಿತು ಎಂಬುದನ್ನು ಮುಂದೆ ನೋಡೋಣ.

ಕಾನೂನಿನ ಕೈ

ನಿರುದ್ಯೋಗದ ಬೇಗೆ ಏರಿದಂತೆ ಒಂದು ಸುಲಭದ ಲೆಕ್ಕ ಜನರ ಬಾಯಲ್ಲಿ ಹರಿದಾಡತೊಡಗಿತು. ಇಷ್ಟು ಲಕ್ಷ ಗಂಡಸರಿಗೆ ಕೆಲಸವಿಲ್ಲ, ಇಷ್ಟು ಲಕ್ಷ ಹೆಂಗಸರು ಕೆಲಸದಲ್ಲಿದ್ದಾರೆ. ಇವರನ್ನು ಮನೆಗೆ ಕಳುಹಿಸಿ ಅವರನ್ನು ಒಳಗೆ ಕರೆದರೆ ಸಮಸ್ಯೆಯೇ ಮುಗಿಯಿತು! ಈ ಲೆಕ್ಕವನ್ನು 1939ರಲ್ಲಿ ನಾರ್ಮನ್ ಕಸಿನ್ಸ್ ಎಂಬ ಪತ್ರಕರ್ತ ವ್ಯಂಗ್ಯವಾಗಿ ಬಣ್ಣಿಸಿದ್ದುಂಟು. ಕಲ್ಲಿದ್ದಲು ಗಣಿಗಾರನನ್ನು ದಾದಿಯ ಕೆಲಸಕ್ಕೂ ಉಕ್ಕಿನ ಕಾರ್ಮಿಕನನ್ನು ಬೆರಳಚ್ಚು ಯಂತ್ರದ ಮುಂದಕ್ಕೂ ಹಚ್ಚಲಾದೀತೇ ಎಂಬ ಸರಳ ಪ್ರಶ್ನೆಯನ್ನು ಕೇಳುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. 1936ರ ಗ್ಯಾಲಪ್ ಜನಾಭಿಪ್ರಾಯ ಸಂಗ್ರಹದಲ್ಲಿ ಗಂಡನಿಗೆ ಕೆಲಸವಿದ್ದರೆ ಹೆಂಡತಿ ಹೊರಗೆ ದುಡಿಯಬಾರದೆಂದು ಐವರಲ್ಲಿ ನಾಲ್ವರು ಹೇಳಿದರು.

ಸರಕಾರವೂ ಹಿಂದೆ ಬೀಳಲಿಲ್ಲ. 1932ರ ಜೂನ್‌ನಲ್ಲಿ ಜಾರಿಗೆ ಬಂದ ಅಮೆರಿಕದ ಮಿತವ್ಯಯ ಕಾಯಿದೆಯ 213ನೆಯ ಕಲಮು, ಗಂಡ ಹೆಂಡತಿ ಇಬ್ಬರೂ ಕೇಂದ್ರ ಸರಕಾರದ ನೌಕರಿಯಲ್ಲಿದ್ದರೆ, ಸಿಬ್ಬಂದಿಯನ್ನು ಕಡಿತಗೊಳಿಸುವಾಗ ಅಂಥವರನ್ನು ಮೊದಲು ತೆಗೆಯಬೇಕೆಂದು ವಿಧಿಸಿತು. ಕಾಯಿದೆಯಲ್ಲಿ 'ಹೆಣ್ಣು' ಎಂಬ ಪದವಿರಲಿಲ್ಲ. ಆದರೆ ಇಬ್ಬರಲ್ಲಿ ಒಬ್ಬರು ಬಿಡಬೇಕೆಂದಾಗ ಕಡಿಮೆ ಸಂಬಳದವರು ಬಿಡುವುದೇ ಮನೆಗೆ ಲೇಸು. ಕಡಿಮೆ ಸಂಬಳ ಯಾರಿಗಿತ್ತೆಂದು ಬೇರೆ ಹೇಳಬೇಕೇ? ಮನೆಗೆ ಹೋದವರಲ್ಲಿ ಬಹುಪಾಲು ಹೆಂಗಸರು. ಅವರ ಸಂಖ್ಯೆ ಸುಮಾರು 1,600. ಐದು ವರ್ಷಗಳ ಬಳಿಕ, 1937ರಲ್ಲಿ, ಈ ಕಲಮನ್ನು ರದ್ದುಪಡಿಸಲಾಯಿತು. ಅಷ್ಟರೊಳಗೆ 26 ರಾಜ್ಯಗಳ ಶಾಸನಸಭೆಗಳಲ್ಲಿ ವಿವಾಹಿತೆಯರ ನೌಕರಿಯನ್ನು ನಿರ್ಬಂಧಿಸುವ ಮಸೂದೆಗಳು ಚರ್ಚೆಗೆ ಬಂದಿದ್ದವು.

ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ಶಾಲಾ ಶಿಕ್ಷಕಿಯರ ಮೇಲೆ. 1930-31ರಲ್ಲಿ ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘವು ಸುಮಾರು 1,500 ಶಾಲಾ ಆಡಳಿತಗಳನ್ನು ಸಮೀಕ್ಷೆ ಮಾಡಿದಾಗ ಶೇಕಡ 77ರಷ್ಟು ಆಡಳಿತಗಳು ಮದುವೆಯಾದ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಶೇಕಡ 63ರಷ್ಟು ಆಡಳಿತಗಳು ಶಿಕ್ಷಕಿ ಮದುವೆಯಾದ ಕೂಡಲೇ ಕೆಲಸದಿಂದ ತೆಗೆಯುತ್ತಿದ್ದವು. ಬೇರೆಡೆ ಕೆಲಸ ಕಾಣದ ಗಂಡಸರು ಶಾಲೆಗಳತ್ತ ಬಂದರು. ಶಿಕ್ಷಕರಲ್ಲಿ ಹೆಂಗಸರ ಪಾಲು ಆ ಹತ್ತು ವರ್ಷಗಳಲ್ಲಿ ಶೇಕಡ 81ರಿಂದ ಶೇಕಡ 76ರ ಸಮೀಪಕ್ಕೆ ಇಳಿಯಿತು. ಹೆಂಗಸರ ಕೆಲಸದೊಳಗೆ ಗಂಡಸು ಬರಬಹುದಿತ್ತು. ಗಂಡಸರ ಕೆಲಸದೊಳಗೆ ಹೆಂಗಸು ಹೋಗುವಂತಿರಲಿಲ್ಲ.

ಜರ್ಮನಿಯಲ್ಲಿ 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಇದನ್ನೇ ಇನ್ನೊಂದು ವಿಧದಲ್ಲಿ ಮಾಡಿದರು. ಮದುವೆಯಾಗುವ ಹೆಣ್ಣು ನೌಕರಿ ಬಿಟ್ಟರೆ ಆ ದಂಪತಿಗಳಿಗೆ 1,000 ಮಾರ್ಕುಗಳವರೆಗೆ ಸಾಲ. ಮಗು ಹುಟ್ಟಿದಾಗಲೆಲ್ಲ ಸಾಲದ ಕಾಲುಭಾಗ ಮನ್ನಾ. ನಿರುದ್ಯೋಗವನ್ನು ತಗ್ಗಿಸುವ ಕಾಯಿದೆಯ ಭಾಗವಾಗಿಯೇ ಈ ಯೋಜನೆ ಬಂದಿತ್ತು ಎಂಬುದು ಗಮನಾರ್ಹ.

ಆ ಕಾಲದ ಆಲೋಚನೆಯ ಹಿಂದೆ ಒಂದು ನ್ಯಾಯವಾದ ಕಳಕಳಿಯೂ ಇತ್ತೆಂಬುದನ್ನು ಮರೆಯಬಾರದು. 1931ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಹೊರಡಿಸಿದ 'ಕ್ವಾದ್ರಜೆಸಿಮೊ ಆನ್ನೊ' ವಿಶ್ವಪತ್ರವು, ಒಂದು ಕುಟುಂಬ ಮರ್ಯಾದೆಯಿಂದ ಬದುಕಲು ಸಾಲುವಷ್ಟು ಕೂಲಿಯನ್ನು ತಂದೆಗೆ ಕೊಡಬೇಕೆಂದು ಒಡೆಯರನ್ನು ಒತ್ತಾಯಿಸಿತು. ತಂದೆಯ ಕೂಲಿ ಸಾಲದೆ ತಾಯಿ ಹೊರಗೆ ದುಡಿಯಬೇಕಾದ ಸ್ಥಿತಿಯನ್ನು ಖಂಡಿಸಿತು. ಅದರ ಮೊನೆಯಿದ್ದುದು ಕಡಿಮೆ ಕೂಲಿ ಕೊಡುವವರತ್ತ. ಆದರೆ ಲೋಕರೂಢಿಯಲ್ಲಿ ಆ ಮೊನೆ ಆಗಾಗ ತಿರುಗಿ ನಿಂತದ್ದು ದುಡಿಯುವ ತಾಯಿಯತ್ತ. ಸಾಲದ ಕೂಲಿಯನ್ನು ಏರಿಸುವುದಕ್ಕಿಂತ ದುಡಿಯುವ ಹೆಂಗಸನ್ನು ಹೊರಗೆ ಹಾಕುವುದು ಅಗ್ಗವಾಗಿತ್ತು.

ಇಬ್ಬರು ಸಚಿವೆಯರು

ಹೆಂಗಸರ ಹಿತವನ್ನು ಬಲ್ಲ ಹೆಂಗಸರು ಅಧಿಕಾರದಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಿಮಗನಿಸಬಹುದು. ಚರಿತ್ರೆ ಅಷ್ಟು ಸರಳವಾಗಿಲ್ಲ. ಬ್ರಿಟನ್ನಿನಲ್ಲಿ 1929ರಲ್ಲಿ ಮಾರ್ಗರೆಟ್ ಬಾಂಡ್‌ಫೀಲ್ಡ್ ಕಾರ್ಮಿಕ ಸಚಿವೆಯಾದರು. ಆ ದೇಶದ ಮಂತ್ರಿಮಂಡಲವನ್ನು ಸೇರಿದ ಮೊದಲ ಮಹಿಳೆ ಅವರು. ಚಿಕ್ಕಂದಿನಲ್ಲೇ ಅಂಗಡಿಯಲ್ಲಿ ದುಡಿದು, ಕಾರ್ಮಿಕ ಸಂಘಟನೆಯ ಮೂಲಕ ಮೇಲೆ ಬಂದವರು. ನಿರುದ್ಯೋಗ ವಿಮೆಯ ನಿಧಿ ಬರಿದಾದಾಗ 1931ರಲ್ಲಿ ಅವರ ಇಲಾಖೆಯೇ ಒಂದು ಕಾಯಿದೆಯನ್ನು ತಂದಿತು. ವಿವಾಹಿತ ಹೆಂಗಸು, ತಾನು ನಿಜವಾಗಿಯೂ ಕೆಲಸ ಹುಡುಕುತ್ತಿದ್ದೇನೆ, ತನ್ನ ಪ್ರದೇಶದಲ್ಲಿ ತನಗೆ ಕೆಲಸ ಸಿಗುವ ಸಂಭವವಿದೆ ಎಂದು ರುಜುವಾತು ಮಾಡಬೇಕಾಯಿತು. ಗಿರಣಿಗಳೆಲ್ಲ ಮುಚ್ಚಿದ್ದ ಊರಿನಲ್ಲಿ ಇದನ್ನು ರುಜುವಾತು ಮಾಡುವುದೆಂತು? ವರ್ಷಗಟ್ಟಲೆ ವಿಮೆಯ ಕಂತು ಕಟ್ಟಿದ್ದ ಅಸಂಖ್ಯ ಹೆಂಗಸರು ಪರಿಹಾರದಿಂದ ವಂಚಿತರಾದರು.

ಅಮೆರಿಕದಲ್ಲಿ 1933ರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಕಾರ್ಮಿಕ ಸಚಿವೆಯಾಗಿ ಆ ದೇಶದ ಮಂತ್ರಿಮಂಡಲದ ಮೊದಲ ಮಹಿಳೆಯೆನಿಸಿದರು. ವೃದ್ಧಾಪ್ಯ ವೇತನ, ನಿರುದ್ಯೋಗ ವಿಮೆ, ಕನಿಷ್ಠ ಕೂಲಿ ಇವೆಲ್ಲವುಗಳ ಹಿಂದೆ ಅವರ ಶ್ರಮವಿದೆ. ಅವರ ಪತಿ ಮಾನಸಿಕ ಅಸ್ವಸ್ಥತೆಯಿಂದ ದುಡಿಯಲಾರದವರಾಗಿದ್ದುದರಿಂದ ಸಂಸಾರದ ನೊಗವನ್ನು ಹೊತ್ತವರು ಪರ್ಕಿನ್ಸ್ ಅವರೇ. ಅಂಥವರು ಕೂಡ ಸಚಿವೆಯಾಗುವುದಕ್ಕೆ ಕೆಲವು ವರ್ಷಗಳ ಮೊದಲು, ಗಂಡನ ದುಡಿಮೆ ಸಾಕಷ್ಟಿದ್ದರೂ ಕೈಖರ್ಚಿಗಾಗಿ ದುಡಿಯುವ ಅನುಕೂಲಸ್ಥ ಹೆಂಗಸರನ್ನು ಕಟುವಾಗಿ ಟೀಕಿಸಿದ್ದರು. ಆದರೆ ಹಾಗೆ ಕೈಖರ್ಚಿಗಾಗಿ ದುಡಿಯುವ ಹೆಂಗಸರು ಎಷ್ಟು ಮಂದಿ? ಬಾಲ್ಯದಲ್ಲಿ ಮನೆಗೆಲಸ, ಆಮೇಲೆ ಚಪ್ಪಲಿ ಕಾರ್ಖಾನೆಯ ಕೂಲಿ ಮಾಡಿ ಮೇಲೆ ಬಂದ ಮೇರಿ ಆಂಡರ್‌ಸನ್ ಅವರ ಮುಂದಾಳ್ತನದ ಸರಕಾರಿ ಮಹಿಳಾ ವಿಭಾಗವು ಸಮೀಕ್ಷೆಯ ಮೇಲೆ ಸಮೀಕ್ಷೆ ನಡೆಸಿ, ದುಡಿಯುವ ಹೆಂಗಸರಲ್ಲಿ ಹೆಚ್ಚಿನವರು ತಮ್ಮನ್ನೂ ತಮ್ಮವರನ್ನೂ ಸಾಕಲೆಂದೇ ದುಡಿಯುತ್ತಿದ್ದಾರೆಂದು ತೋರಿಸಿತು.

ಈ ಇಬ್ಬರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. 'ಕೆಲಸ ಗಂಡಸಿನ ಹಕ್ಕು, ಹೆಂಗಸಿಗೆ ಅದು ಅನುಕೂಲ' ಎಂಬ ಭಾವನೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ತಾವೇ ದುಡಿದು ಸಂಸಾರ ಸಾಕಿದವರೂ ಅದರ ಹಿಡಿತದಿಂದ ಪಾರಾಗಲಿಲ್ಲ ಎಂಬುದನ್ನಷ್ಟೇ ಇಲ್ಲಿ ಕಾಣಬೇಕು.

ಲೆಕ್ಕಕ್ಕೆ ಸಿಗದವರು

ಅಧ್ಯಕ್ಷ ರೂಸ್‌ವೆಲ್ಟ್ ಅವರ ಪರಿಹಾರ ಯೋಜನೆಗಳು ಲಕ್ಷಾಂತರ ಕುಟುಂಬಗಳನ್ನು ಉಳಿಸಿದವು ಎಂಬುದು ನಿಜ. ಆದರೆ ಅವುಗಳಲ್ಲೂ ಈ ಭೇದವಿತ್ತು. 1933ರಲ್ಲಿ ಆರಂಭವಾದ ಅರಣ್ಯ ಸೇವಾ ಪಡೆಯಲ್ಲಿ ತರುಣರಿಗೆ ತಿಂಗಳಿಗೆ 30 ಡಾಲರ್ ಸಿಗುತ್ತಿತ್ತು. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರವರೆಗೆ 25 ಲಕ್ಷಕ್ಕೂ ಮಿಕ್ಕಿದ ತರುಣರು ಅದರಲ್ಲಿ ದುಡಿದರು. ತರುಣಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಧ್ಯಕ್ಷರ ಪತ್ನಿ ಎಲಿನಾರ್ ಅವರ ಒತ್ತಾಸೆಯಿಂದ ಹೆಣ್ಣುಮಕ್ಕಳಿಗೂ ಕೆಲವು ಶಿಬಿರಗಳು ತೆರೆದವು. ಆದರೆ ಅವು ಮುಚ್ಚುವವರೆಗೆ ಪ್ರಯೋಜನ ಪಡೆದವರು ಸುಮಾರು 8,500 ಮಂದಿ ಮಾತ್ರ. 1935ರ ಸಾರ್ವಜನಿಕ ಕಾಮಗಾರಿ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ಒಂದೇ ಕೆಲಸ, ಅದೂ ಕುಟುಂಬದ ಮುಖ್ಯಸ್ಥನಿಗೆ. ದುಡಿಯಬಲ್ಲ ಗಂಡನಿದ್ದ ಹೆಂಗಸು ಸಾಮಾನ್ಯವಾಗಿ ಆ ಪಟ್ಟಿಗೆ ಬರುತ್ತಿರಲಿಲ್ಲ. ಬಂದ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಹೊಲಿಗೆ ಕೇಂದ್ರಗಳಲ್ಲಿ ಕುಳಿತರು.

ಇವರೆಲ್ಲರಿಗಿಂತ ಕೆಳಗೆ ಇನ್ನೂ ಒಂದು ಸಾಲು ಇತ್ತು. ಆ ಕಾಲದ ಕರಿಯ ಹೆಂಗಸರಲ್ಲಿ ಹೆಚ್ಚಿನವರು ಹೊಲದಲ್ಲೋ ಅನ್ಯರ ಮನೆಗಳಲ್ಲೋ ದುಡಿಯುತ್ತಿದ್ದರು. 1935ರ ಸಾಮಾಜಿಕ ಭದ್ರತಾ ಕಾಯಿದೆಯಾಗಲಿ 1938ರ ಕನಿಷ್ಠ ಕೂಲಿಯ ಕಾಯಿದೆಯಾಗಲಿ ಈ ಎರಡು ಕೆಲಸಗಳನ್ನು ತಮ್ಮ ವ್ಯಾಪ್ತಿಗೆ ತೆಗೆದುಕೊಳ್ಳಲಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಬೀದಿಮೂಲೆಗಳಲ್ಲಿ ಬೆಳಗ್ಗಿನಿಂದಲೇ ಈ ಹೆಂಗಸರು ನಿಂತಿರುತ್ತಿದ್ದರು. ಮನೆಯೊಡತಿಯರು ಬಂದು ಚೌಕಾಸಿ ಮಾಡಿ, ಗಂಟೆಗೆ ಕೆಲವು ಸೆಂಟುಗಳ ಕೂಲಿಗೆ ಕರೆದೊಯ್ಯುತ್ತಿದ್ದರು. ಎಲ್ಲಾ ಬೇಕರ್ ಮತ್ತು ಮಾರ್ವೆಲ್ ಕುಕ್ ಎಂಬ ಇಬ್ಬರು ಬರಹಗಾರ್ತಿಯರು 1935ರಲ್ಲಿ 'ದಿ ಕ್ರೈಸಿಸ್' ಪತ್ರಿಕೆಯಲ್ಲಿ ಇದನ್ನು ಗುಲಾಮರ ಸಂತೆಯೆಂದೇ ಕರೆದರು. ಮುಗ್ಗಟ್ಟಿಗೆ ಮುನ್ನ ಖಾಯಂ ಕೆಲಸದಾಳುಗಳಾಗಿದ್ದ ಅನೇಕರು ಈಗ ದಿನಗೂಲಿಗೆ ಇಳಿದಿದ್ದರು. ನಿರುದ್ಯೋಗಿಗಳ ಅಂಕಿಸಂಖ್ಯೆಯಲ್ಲಿ ಅವರು ಕಾಣಿಸಿಕೊಳ್ಳದಿರಬಹುದು. ಏಕೆಂದರೆ ಅವರಿಗೆ ಒಂದು ಬಗೆಯ ಕೆಲಸವಿತ್ತಲ್ಲ!

ಟೆಕ್ಸಾಸಿನ ಸ್ಯಾನ್ ಅಂಟೋನಿಯೊ ನಗರದಲ್ಲಿ ಪೀಕನ್ ಎಂಬ ಬೀಜದ ಸಿಪ್ಪೆ ಸುಲಿಯುವ ಕೆಲಸದಲ್ಲಿ ಸಾವಿರಾರು ಮೆಕ್ಸಿಕನ್ ಮೂಲದವರಿದ್ದರು, ಹೆಚ್ಚಿನವರು ಹೆಂಗಸರು. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳನ್ನು ಕಂಡವರಿಗೆ ಆ ಚಿತ್ರ ಅಪರಿಚಿತವಲ್ಲ. ವಾರವಿಡೀ ಸುಲಿದರೆ ಎರಡು ಮೂರು ಡಾಲರ್. ಅದನ್ನೂ ಕಡಿತ ಮಾಡಿದಾಗ 1938ರ ಜನವರಿಯ ಕೊನೆಯಲ್ಲಿ ಸುಮಾರು 12,000 ಮಂದಿ ಮುಷ್ಕರ ಹೂಡಿದರು. ಅವರ ಮುಂದಾಳು ಎಮ್ಮಾ ತೆನಾಯೂಕಾ ಎಂಬ 21ರ ಹರೆಯದ ಯುವತಿ. ಮುಷ್ಕರ ಫಲ ನೀಡಿತು. ಅದೇ ವರ್ಷ ಗಂಟೆಗೆ 25 ಸೆಂಟುಗಳ ಕನಿಷ್ಠ ಕೂಲಿಯ ಕಾಯಿದೆಯೂ ಬಂತು. ಒಡೆಯರು ಕೂಲಿ ಏರಿಸುವ ಬದಲು ಸಿಪ್ಪೆ ಸುಲಿಯುವ ಯಂತ್ರಗಳನ್ನು ತಂದರು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಒಳ್ಳೆಯ ಕಾನೂನೊಂದೇ ಸಾಲದು, ಅದರ ಬೆನ್ನಿಗೆ ಬದಲಿ ಕೆಲಸವೂ ಬೇಕೆಂಬ ಪಾಠವನ್ನು ಅವರು ಬೆಲೆ ತೆತ್ತು ಕಲಿತರು.

ಬೇಕೆಂದಾಗ ಕರೆ, ಬೇಡವೆಂದಾಗ ಮನೆ

ಮುಂದೆ ಎರಡನೆಯ ಮಹಾಯುದ್ಧ ಬಂತು. ಹೆಂಗಸರಿಗೆ ಹೊಂದದೆಂದು ಹೇಳುತ್ತಿದ್ದ ಕೆಲಸಗಳೆಲ್ಲ ಅವರಿಗೆ ಒಮ್ಮೆಲೇ ಹೊಂದಿಕೊಂಡವು! ಹಡಗುಕಟ್ಟೆಗಳಲ್ಲಿ, ವಿಮಾನ ಕಾರ್ಖಾನೆಗಳಲ್ಲಿ ಹೆಂಗಸರು ಬೆಸುಗೆ ಹಾಕಿದರು. ಜರ್ಮನಿಯಲ್ಲಿ ಯುದ್ಧದ ಸಿದ್ಧತೆಗೆ ಕೈಗಳು ಸಾಲದೆ ಬಂದಾಗ, 1937ರಲ್ಲಿಯೇ, ಮದುವೆ ಸಾಲಕ್ಕಾಗಿ ಹೆಂಡತಿ ನೌಕರಿ ಬಿಡಬೇಕೆಂಬ ನಿಯಮವನ್ನು ಕೈಬಿಡಲಾಗಿತ್ತು. ನಮ್ಮ ದೇಶದ ಗಣಿಗಳ ಕಥೆಯೂ ಬೇರೆಯಲ್ಲ. 1929ರ ನಿಯಮಗಳು ಹೆಂಗಸರನ್ನು ನೆಲದಡಿಯ ಗಣಿಕೆಲಸದಿಂದ ಹಂತಹಂತವಾಗಿ ಹೊರತಂದು 1937ರಲ್ಲಿ ಪೂರ್ಣವಾಗಿ ನಿಷೇಧಿಸಿದ್ದವು. ಅವರ ರಕ್ಷಣೆಯೇ ಅದರ ಉದ್ದೇಶವೆಂದು ಹೇಳಲಾಗಿತ್ತು. ಗಂಡ ಕಲ್ಲಿದ್ದಲು ಕಡಿದು ಹೆಂಡತಿ ತುಂಬುತ್ತಿದ್ದ ಜೋಡಿ ದುಡಿಮೆ ಹೀಗೆ ಮುರಿಯಿತು. ಯುದ್ಧಕ್ಕೆ ಕಲ್ಲಿದ್ದಲು ಬೇಕಾದಾಗ, 1943ರಲ್ಲಿ, ನಿಷೇಧವನ್ನು ಸಡಿಲಿಸಿ ಅವರನ್ನು ಮತ್ತೆ ಕೆಳಗಿಳಿಸಲಾಯಿತು. 1946ರಲ್ಲಿ ಮತ್ತೆ ಹೊರಗೆ ಕಳುಹಿಸಲಾಯಿತು. ಕೆರೆಯ ತೂಬನ್ನು ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚುವಂತೆ ಹೆಂಗಸರ ದುಡಿಮೆಯನ್ನು ಬಳಸಲಾಯಿತು ಎಂದರೆ ಅತಿಶಯೋಕ್ತಿಯಾಗದು.

ನಮ್ಮ ಕಾಲದ ಎರಡು ಪೆಟ್ಟುಗಳು

ಇವೆಲ್ಲ ಹಳೆಯ ಕಥೆಗಳೆಂದು ಪುಟ ಮಗುಚುವ ಮೊದಲು ಈ ಶತಮಾನದ ಎರಡು ಘಟನೆಗಳನ್ನು ನೋಡೋಣ.

ಅಮೆರಿಕದಲ್ಲಿ 2007ರ ಡಿಸೆಂಬರಿನಿಂದ 2009ರ ಜೂನ್‌ವರೆಗಿನ ಹಿಂಜರಿತವು ಮನೆಸಾಲದ ವ್ಯವಹಾರದ ಕುಸಿತದಿಂದ ಹುಟ್ಟಿತು. ಮೊದಲು ನಿಂತದ್ದು ಕಟ್ಟಡ ನಿರ್ಮಾಣ, ಆಮೇಲೆ ಕಾರ್ಖಾನೆಗಳು. ಕಳೆದುಹೋದ ಉದ್ಯೋಗಗಳಲ್ಲಿ ಬಹುಪಾಲು ಗಂಡಸರವು. ಅದನ್ನು ಅಲ್ಲಿಯ ಪತ್ರಿಕೆಗಳು 'ಗಂಡಸರ ಹಿಂಜರಿತ' ಎಂಬ ಅರ್ಥದ ಹೊಸ ಪದವನ್ನೇ ಟಂಕಿಸಿ ಕರೆದವು. ಆದರೆ ಚೇತರಿಕೆಯ ಮೊದಲ ಎರಡು ವರ್ಷಗಳಲ್ಲಿ ಗಂಡಸರಿಗೆ 7 ಲಕ್ಷಕ್ಕೂ ಹೆಚ್ಚು ಉದ್ಯೋಗಗಳು ಮರಳಿ ಸಿಕ್ಕಿದರೆ, ಹೆಂಗಸರು ಇನ್ನೂ 2 ಲಕ್ಷಕ್ಕೂ ಹೆಚ್ಚು ಉದ್ಯೋಗಗಳನ್ನು ಕಳೆದುಕೊಂಡರು ಎಂದು ಪ್ಯೂ ಸಂಶೋಧನಾ ಸಂಸ್ಥೆ 2011ರಲ್ಲಿ ತೋರಿಸಿತು. ತೆರಿಗೆಯ ಆದಾಯ ಇಳಿದ ಸ್ಥಳೀಯ ಸರಕಾರಗಳು ಶಾಲೆ ಮೊದಲಾದ ಸೇವೆಗಳಲ್ಲಿ ಕಡಿತ ಮಾಡಿದ್ದು ಅದಕ್ಕೊಂದು ಕಾರಣ. ಪೆಟ್ಟು ಮೊದಲು ಗಂಡಸರಿಗೆ, ತಡವಾಗಿ ಹೆಂಗಸರಿಗೆ: 1930ರ ದಶಕದ ನೆನಪಾಗುವುದಿಲ್ಲವೇ?

2020ರ ಕೊರೋನಾ ಕಾಲದಲ್ಲಿ ಇದು ತಲೆಕೆಳಗಾಯಿತು. ಈ ಬಾರಿ ಮೊದಲು ಮುಚ್ಚಿದ್ದು ಹೋಟೆಲು, ಅಂಗಡಿ, ಶಾಲೆ, ಮನೆಗೆಲಸ. ಅಂದರೆ ಹೆಂಗಸರು ಹೆಚ್ಚಾಗಿರುವ ಜಾಗಗಳು. 2019ರಿಂದ 2020ಕ್ಕೆ ಜಗತ್ತಿನಾದ್ಯಂತ ಹೆಂಗಸರ ಉದ್ಯೋಗ ಶೇಕಡ 4.2ರಷ್ಟು, ಗಂಡಸರದು ಶೇಕಡ 3ರಷ್ಟು ಕುಸಿಯಿತೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದೆ. ಶಾಲೆಗಳು ಮುಚ್ಚಿದಾಗ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಯಾರ ಪಾಲಿಗೆ ಬಂತೆಂಬುದನ್ನು ನಾವು ನಮ್ಮ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ.

ಭಾರತದ ಚಿತ್ರ ಇನ್ನೂ ಕಠೋರ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲಾಕ್‌ಡೌನ್ ಮತ್ತು ಅನಂತರದ ತಿಂಗಳುಗಳಲ್ಲಿ ದುಡಿಯುತ್ತಿದ್ದ ಗಂಡಸರಲ್ಲಿ ಶೇಕಡ 61ರಷ್ಟು ಮಂದಿ ಕೆಲಸದಲ್ಲಿ ಉಳಿದರು. ಕೆಲಸ ಕಳೆದುಕೊಂಡು 2020ರ ಕೊನೆಗೂ ಮರಳದವರು ಶೇಕಡ 7. ಹೆಂಗಸರಲ್ಲಿ ಉಳಿದವರು ಶೇಕಡ 19. ಮರಳದವರು ಶೇಕಡ 47. ನಮ್ಮ ರಾಜ್ಯದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರೆಂಬುದು ನಿಮಗೆ ತಿಳಿದಿದೆ. ವಿದೇಶದ ಖರೀದಿದಾರರು ಬೇಡಿಕೆ ನಿಲ್ಲಿಸಿದಾಗ ಅದರ ಬಿಸಿ ಮೊದಲು ತಟ್ಟಿದ್ದು ಅವರಿಗೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಉಡುಪು ಕಾರ್ಖಾನೆ ಇದ್ದಕ್ಕಿದ್ದಂತೆ ಮುಚ್ಚಿದಾಗ ಸಾವಿರಕ್ಕೂ ಹೆಚ್ಚು ಕಾರ್ಮಿಕರು, ಹೆಚ್ಚಿನವರು ಹೆಂಗಸರು, ವಾರಗಟ್ಟಲೆ ಅದರ ಆವರಣದಲ್ಲಿಯೇ ಧರಣಿ ಕುಳಿತರು. ಕೆಲಸ ಕಳೆದುಕೊಂಡವರನ್ನು ಮತ್ತೆ ಸೇರಿಸಿಕೊಳ್ಳುವ ಒಪ್ಪಂದವಾಗಲು 2021ರ ಆರಂಭದವರೆಗೆ ಕಾಯಬೇಕಾಯಿತು.

ಆ ಬಳಿಕ ನಮ್ಮ ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ಏರಿರುವುದೂ ನಿಜವೇ. ಸರಕಾರದ ಸಮೀಕ್ಷೆಯಂತೆ 2017-18ರಲ್ಲಿ ಶೇಕಡ 23.3 ಇದ್ದುದು 2023-24ಕ್ಕೆ ಶೇಕಡ 41.7 ಆಯಿತು. ಸಂತೋಷಪಡಬೇಕಾದ ಸಂಗತಿ. ಆದರೆ ಈ ಏರಿಕೆಯ ದೊಡ್ಡ ಪಾಲು ಸಂಬಳದ ನೌಕರಿಯಿಂದ ಬಂದುದಲ್ಲ. ಹೊಲದಲ್ಲಿ, ಮನೆಯ ಸಣ್ಣ ಅಂಗಡಿಯಲ್ಲಿ, ಎಷ್ಟೋ ಬಾರಿ ಕೈಗೆ ಕಾಸಿಲ್ಲದೆ ಮಾಡುವ ದುಡಿಮೆಯಿಂದ ಬಂದುದು. ಮನೆಯ ಆದಾಯ ಕುಸಿದಾಗ ಹೆಂಡತಿ ಸಿಕ್ಕಿದ ಕೆಲಸಕ್ಕೆ ಇಳಿಯುವುದನ್ನು ನಾವು 1930ರ ಅಮೆರಿಕದಲ್ಲಿ ಆಗಲೇ ಕಂಡೆವಲ್ಲವೇ?

ನಾವು ಕೇಳಿಕೊಳ್ಳಬೇಕಾದದ್ದು

ಪ್ರಿಯ ಓದುಗರೇ, ಈ ಎಲ್ಲ ಕಾಲಘಟ್ಟಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಿಂಜರಿತಕ್ಕೆ ಗಂಡು ಹೆಣ್ಣೆಂಬ ಆಯ್ಕೆಯಿಲ್ಲ. ನಾವು ಅವರನ್ನು ಎಲ್ಲಿ ನಿಲ್ಲಿಸಿದ್ದೇವೆಯೋ ಅಲ್ಲಿಗೆ ಅದು ಬಂದು ಬಡಿಯುತ್ತದೆ. ಉಕ್ಕಿನ ಕಾರ್ಖಾನೆ ಮುಚ್ಚಿದರೆ ಗಂಡಸು ಬೀಳುತ್ತಾನೆ, ಉಡುಪಿನ ಕಾರ್ಖಾನೆ ಮುಚ್ಚಿದರೆ ಹೆಂಗಸು ಬೀಳುತ್ತಾಳೆ. ಯಾರು ಎಲ್ಲಿ ನಿಲ್ಲಬೇಕೆಂಬುದು ಒಳ್ಳೆಯ ದಿನಗಳಲ್ಲಿಯೇ ತೀರ್ಮಾನವಾಗಿರುತ್ತದೆ. ಈ ಮೊದಲ ಪೆಟ್ಟು ಆರ್ಥಿಕ ವ್ಯವಸ್ಥೆಯದು. ಎರಡನೆಯ ಪೆಟ್ಟು ನಮ್ಮದು, ನಮ್ಮ ಗಾದೆಯದು. ಕೆಲಸವಿಲ್ಲದ ಗಂಡಸಿಗೆ ನೀನು ಗಂಡಸೇ ಅಲ್ಲ ಎನ್ನುತ್ತೇವೆ. ಕೆಲಸವಿರುವ ಹೆಂಗಸಿಗೆ ನೀನು ಇನ್ನೊಬ್ಬರ ಅನ್ನ ಕಸಿದೆ ಎನ್ನುತ್ತೇವೆ. ಮರಿಯೆನ್‌ತಾಲಿನ ಬೀದಿಯಲ್ಲಿ ಹೆಜ್ಜೆ ಭಾರವಾಗಿ ನಿಂತ ಗಂಡಸನ್ನೂ ಮದುವೆಯ ಮರುದಿನ ಶಾಲೆಯಿಂದ ಹೊರಬಿದ್ದ ಶಿಕ್ಷಕಿಯನ್ನೂ ಬಡಿದದ್ದು ಒಂದೇ ಕೋಲು.

ಆರ್ಥಿಕ ಹಿಂಜರಿತವನ್ನು ತಡೆಯುವ ಶಕ್ತಿ ಜನಸಾಮಾನ್ಯರಿಗಿಲ್ಲ. ಎರಡನೆಯ ಪೆಟ್ಟನ್ನು ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ನೆರೆಯ ಮನೆಯಲ್ಲಿ ಕೆಲಸ ಕಳೆದುಕೊಂಡು ಕುಳಿತ ಗಂಡಸನ್ನು ಕಂಡಾಗ 'ಇನ್ನೂ ಕೆಲಸ ಸಿಗಲಿಲ್ಲವೇ?' ಎಂದು ಕೇಳುವುದನ್ನು ಬಿಟ್ಟು, ಅವನ ಕೈಯಿಂದ ಆಗುವ ಒಂದು ಕೆಲಸವನ್ನು ಹೇಳೋಣ. ಒಂದು ಹೊತ್ತಿಗೆ ಒಂದು ಕಡೆ ಅವನು ಬೇಕಾಗಿದ್ದಾನೆ ಎಂಬ ಅರಿವು ಅವನಿಗೆ ಅನ್ನದಷ್ಟೇ ಮುಖ್ಯ. ಅವನ ಮನೆಯಾಕೆ ದುಡಿಯಲು ಹೊರಟರೆ ಮನೆಯೊಳಗಿನ ಕೆಲಸದಲ್ಲಿ ಅವನೂ ಕೈಜೋಡಿಸುವುದು ಅವಮಾನವಲ್ಲವೆಂದು ನಮ್ಮ ಗಂಡುಮಕ್ಕಳಿಗೆ ಈಗಲೇ ಕಲಿಸೋಣ. ಸಂಘಸಂಸ್ಥೆಗಳ ಮೂಲಕ ನೆರವಿನ ಪಟ್ಟಿ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಪಟ್ಟಿಯಲ್ಲಿ ಮನೆಯ ಯಜಮಾನನ ಹೆಸರನ್ನು ಬರೆದು ಮುಗಿಸದೆ, ಆ ಮನೆಯಲ್ಲಿ ಯಾರ ಯಾರ ದುಡಿಮೆ ನಿಂತಿದೆ ಎಂದು ಕೇಳಿ ಬರೆದುಕೊಳ್ಳಲಿ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿದ್ದ ಹೆಂಗಸಿಗೆ ಆ ನಾಲ್ಕೂ ಮನೆಗಳವರು ನಾಳೆಯಿಂದ ಬರಬೇಡ ಎಂದರೆ, ಯಾವ ಕಚೇರಿಯ ದಾಖಲೆಯಲ್ಲೂ ಅವಳು ನಿರುದ್ಯೋಗಿಯಾಗಿ ಕಾಣುವುದಿಲ್ಲ. ಅವಳ ಹೆಸರು ಕಾಣಬೇಕಾದರೆ ನಾವೇ ಅದನ್ನು ಬರೆಯಬೇಕು.